ಗುಡ್ಡದ ಸೀಳು, ಖಣಿಯ ಗೋಡೆ

ಮುರಗೋಡದಿಂದ ಸವದತ್ತಿ ಕಡೆ ಹೊರಟವರಿಗೆ ಮುನವಳ್ಳಿ ಸಮೀಪ ನವಿಲುತೀರ್ಥ ಸಿಗುತ್ತದೆ. ಮಲಪ್ರಭೆ ಇಲ್ಲಿ ಗುಡ್ಡವನ್ನೇ ಸೀಳಿಕೊಂಡು ಹರಿದಿದ್ದಾಳೆ. ಸುತ್ತಿನ ಹಳ್ಳಿಗಳವರು ಇದಕ್ಕೆ ನವಿಲಿನ ಕಥೆ ಹೇಳುತ್ತಾರೆ. ಕಥೆ ಕೇಳಲು ಚೆಂದ. ಆದರೆ ಕಂದರದ ಗೋಡೆಯನ್ನು ಹತ್ತಿರದಿಂದ ನೋಡಿದರೆ ಬೇರೆಯದೂ ಕಾಣುತ್ತದೆ. ಬಂಡೆ ಅಖಂಡವಾಗಿಲ್ಲ. ಇಟ್ಟಿಗೆ ಜೋಡಿಸಿದಂತೆ ಪದರ, ಪದರಗಳಿಗೆ ಅಡ್ಡಲಾಗಿ ಸೀಳು. ನದಿ ಕೊರೆಯಲು, ಕಲ್ಲುಕುಟಿಗ ಒಡೆಯಲು, ಖಣಿಯ ಗೋಡೆ ಕುಸಿಯಲು ದಾರಿ ಮಾಡಿಕೊಡುವುದು ಈ ಸೀಳುಗಳೇ.

ಈ ಸೀಮೆಯ ಕಲ್ಲನ್ನು ಮೊದಲು ವ್ಯವಸ್ಥಿತವಾಗಿ ಓದಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯನ್ನು ಕುರಿತ ಅವರ ದೊಡ್ಡ ವರದಿ 1876ರಲ್ಲಿ ಪ್ರಕಟವಾಯಿತು. ಇಲ್ಲಿನ ಬೆಣಚುಶಿಲೆ, ಸುಣ್ಣಕಲ್ಲು, ಮರಳುಗಲ್ಲುಗಳ ಸಾಲಿಗೆ ಅವರಿಟ್ಟ 'ಕಲಾದಗಿ' ಎಂಬ ಹೆಸರು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಆಗ ಕಲಾದಗಿ ಜಿಲ್ಲಾ ಕೇಂದ್ರವಾಗಿತ್ತು. ಈಗ ಆ ಊರನ್ನು ದಾಳಿಂಬೆಯಿಂದ ಗುರುತಿಸುವವರೇ ಹೆಚ್ಚು. ಈ ಸಾಲಿನ ಹಳೆಯ ಪದರಗಳು ಮಡಚಿ ವಾಲಿವೆ. ಅವುಗಳ ಮೇಲೆ ಬಹುಕಾಲದ ನಂತರ ಬಿದ್ದ ಬಾದಾಮಿಯ ಮರಳುಗಲ್ಲು ಬಹುತೇಕ ಚಪ್ಪಟೆಯಾಗಿ ಮಲಗಿದೆ. ಖಣಿ ತೋಡುವವನಿಗೆ ಈ ವ್ಯತ್ಯಾಸ ಜೀವ ಉಳಿಸುವಂಥದು.

ಯಾಕೆಂದರೆ ಗೋಡೆ ಕುಸಿಯುವುದಕ್ಕೂ ಒಂದು ಲೆಕ್ಕವಿದೆ. ಮೇಜಿನ ಮೇಲೆ ಪುಸ್ತಕಗಳನ್ನು ಒಟ್ಟಿ, ಮೇಜಿನ ಒಂದು ಬದಿ ಎತ್ತಿ ನೋಡಿ. ಸ್ವಲ್ಪ ಎತ್ತಿದರೆ ಏನೂ ಆಗದು. ಒಂದು ಕೋನ ದಾಟಿದೊಡನೆ ಮೇಲಿನ ಪುಸ್ತಕ ಜಾರುತ್ತದೆ. ಬಂಡೆಯ ಪದರವೂ ಹೀಗೆಯೇ. ಅದು ಖಣಿಯ ಒಳಮುಖಕ್ಕೆ ವಾಲಿದ್ದು, ಅದರ ಕೆಳತುದಿಯನ್ನು ನಾವು ಕಡಿದು ಬಯಲು ಮಾಡಿದರೆ, ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ವಾಲಿಕೆ ಘರ್ಷಣೆಯ ಕೋನಕ್ಕಿಂತ ಹೆಚ್ಚಾಗಿದ್ದರೆ (ಸಾಮಾನ್ಯ ಬಂಡೆಗಳಲ್ಲಿ ಸುಮಾರು 30 ಡಿಗ್ರಿ) ಜಾರುವುದೇ. ಎರಡು ಸೀಳುಗಳು ಇಂಗ್ಲಿಷಿನ 'ವಿ' ಆಕಾರದಲ್ಲಿ ಕೂಡಿದ್ದರೆ ನಡುವಿನ ತುಂಡು ಕಲ್ಲಂಗಡಿಯ ಹೋಳಿನಂತೆ ಕಳಚಿ ಬರುತ್ತದೆ. ಸೀಳುಗಳು ಗೋಡೆಯ ಹಿಂದಕ್ಕೆ ಕಡಿದಾಗಿ ವಾಲಿದ್ದರೆ ಕಲ್ಲಿನ ಫಲಕಗಳು ಮುಂದಕ್ಕೆ ಮಗುಚುತ್ತವೆ. ಮಳೆಗಾಲದಲ್ಲಿ ಸೀಳಿನೊಳಗೆ ನಿಂತ ನೀರು ಒಳಗಿನಿಂದ ಒತ್ತುತ್ತದೆ. ಸಿಡಿಮದ್ದು ಮುಚ್ಚಿದ್ದ ಸೀಳನ್ನೂ ತೆರೆಯುತ್ತದೆ. ಆದ್ದರಿಂದ ಭೂವಿಜ್ಞಾನಿ ಖಣಿಗೆ ಬಂದಾಗ ಮೊದಲು ತೆಗೆಯುವುದು ದಿಕ್ಸೂಚಿ ಮತ್ತು ಕೋನ ಅಳೆಯುವ ಕ್ಲೈನೋಮೀಟರ್. ಪ್ರತಿ ಸೀಳು ಯಾವ ದಿಕ್ಕಿಗೆ, ಎಷ್ಟು ವಾಲಿದೆ, ಎಷ್ಟು ಅಂತರದಲ್ಲಿದೆ, ಒಳಗೆ ಜೇಡಿ ತುಂಬಿದೆಯೋ, ನೀರು ಜಿನುಗುತ್ತಿದೆಯೋ ಎಂದು ಬರೆದುಕೊಳ್ಳುತ್ತಾನೆ.

ಇಷ್ಟು ಸರಳ ಸಂಗತಿ ಶಾಸ್ತ್ರವಾಗಲು ಒಂದು ದುರಂತ ಬೇಕಾಯಿತು. 1959ರ ಡಿಸೆಂಬರ್ 2ರ ರಾತ್ರಿ ಫ್ರಾನ್ಸಿನ ಮಾಲ್ಪಾಸೆ ಅಣೆಕಟ್ಟು ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ತಪ್ಪು ಕಾಂಕ್ರೀಟಿನದಲ್ಲ. ಎಡದಂಡೆಯ ಬಂಡೆಯಲ್ಲಿ ಸೀಳುಗಳ ನಡುವಿನ ಒಂದು ದೊಡ್ಡ ತುಂಡು ಸರಿದಿತ್ತು. 1962ರಲ್ಲಿ ಆಸ್ಟ್ರಿಯದ ಸಾಲ್ಸ್‌ಬರ್ಗ್‌ನಲ್ಲಿ ಬಂಡೆಗಳ ಬಲವಿಜ್ಞಾನಕ್ಕೆಂದೇ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಹೋಕ್ ಮತ್ತು ಬ್ರೇ ಬರೆದ ಬಂಡೆ ಇಳಿಜಾರುಗಳ ಕೈಪಿಡಿ ಬಂದದ್ದು 1974ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ನವಿಲುತೀರ್ಥದ ಕಂದರಕ್ಕೆ ಅಡ್ಡಲಾಗಿ ಸುಮಾರು 40 ಮೀಟರ್ ಎತ್ತರದ ಅಣೆಕಟ್ಟು ಎದ್ದು ನಿಂತಿತ್ತು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1961ರ ಲೋಹಗಣಿ ನಿಯಮಾವಳಿಯ 106ನೇ ನಿಯಮ ಸ್ಪಷ್ಟವಾಗಿದೆ: ಗಟ್ಟಿ ನೆಲದಲ್ಲೂ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಒಂದು ಮೆಟ್ಟಿಲು 6 ಮೀಟರ್ ಮೀರಬಾರದು, ಬುಡ ಕೊರೆದು ಮೇಲ್ಭಾಗ ಜೋತುಬೀಳುವಂತೆ ಮಾಡಬಾರದು. ಮೆಟ್ಟಿಲು ಬಿಟ್ಟರೆ ಅಷ್ಟು ಕಲ್ಲು ನಷ್ಟವೆಂಬುದು ಮಾಲೀಕರ ಲೆಕ್ಕ. ಹಾಗಾಗಿ ಗೋಡೆ ನೆಟ್ಟಗೆ ಇಳಿಯುತ್ತ ಹೋಗುತ್ತದೆ. 2022ರ ಮಾರ್ಚ್ 4ರಂದು ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಿಳಿಕಲ್ಲು ಖಣಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಬಂಡೆಗಳಡಿ ಸಿಕ್ಕಿ ಸತ್ತರು. ಇಂಥ ಸುದ್ದಿ ಬಂದಾಗಲೆಲ್ಲ 'ಆಕಸ್ಮಿಕ' ಎಂದು ಬರೆಯುತ್ತೇವೆ, ನಾನೂ ಬರೆದಿದ್ದೇನೆ. ಆದರೆ ಸೀಳು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಮೇಲಿನ ಅಂಚಿನಲ್ಲಿ ಹೊಸ ಬಿರುಕು, ಬುಡದಲ್ಲಿ ಉದುರುವ ಚೂರು, ಇವೆಲ್ಲ ಅನೇಕ ಸಲ ಮುಂಚೆಯೇ ಕಾಣಿಸಿಕೊಳ್ಳುತ್ತವೆ.

ಹಳೆಯ ಕಲ್ಲುಕುಟಿಗನಿಗೆ ಕ್ಲೈನೋಮೀಟರ್ ಇರಲಿಲ್ಲ, ಸುತ್ತಿಗೆ ಇತ್ತು. ಗಟ್ಟಿ ಕಲ್ಲು 'ಠಣ್' ಎನ್ನುತ್ತದೆ. ಒಳಗೆ ಸೀಳಿದ್ದರೆ ದನಿ ಬೊಳ್ಳಾಗುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಅಂದರೆ ಹದಿನಾಲ್ಕು ಶತಮಾನಕ್ಕೂ ಹಿಂದೆ ಈ ಜನ ಚಪ್ಪಟೆ ಪದರವನ್ನೇ ಛಾವಣಿ ಮಾಡಿಕೊಂಡು ಬಂಡೆಯೊಳಗೆ ನುಗ್ಗಿದ್ದರು. ಎದುರಿನ ಉತ್ತರ ಕೋಟೆಗೆ ಹತ್ತುವಾಗ ನಾವು ಹಾಯುವ ಇಕ್ಕಟ್ಟಾದ ಓಣಿಗಳು ಅಗಲವಾದ ಲಂಬ ಸೀಳುಗಳಲ್ಲದೆ ಬೇರೆಯಲ್ಲ. ಪಟ್ಟದಕಲ್ಲಿಗೆ ಹತ್ತಿರದ ಶಂಕರಲಿಂಗನ ಗುಂಡಿನಲ್ಲಿ ಚಾಲುಕ್ಯರ ಕಾಲದ ಕಲ್ಲುಗಣಿಯೇ ಉಳಿದಿದೆ. ಬೆಣೆ ಹೊಡೆದ ಗುರುತುಗಳು ಅಲ್ಲಿ ಹಾಗೆಯೇ ಇವೆ. ಪಕ್ಕದ ಬಂಡೆಯ ಮೇಲೆ, ಅಲ್ಲಿ ದುಡಿದವರ ಹೆಸರುಗಳೂ ಇವೆ.