ಫಣಿಯಮ್ಮ ಮತ್ತು ನಮ್ಮ ಮಡಿ ಅಜ್ಜಿ

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಬಂದಿದ್ದು 1976ರಲ್ಲಿ. ಪ್ರೇಮಾ ಕಾರಂತರು ಅದನ್ನ 1983ರಲ್ಲಿ ಸಿನಿಮಾ ಮಾಡಿದ್ರು. ಅದು ಬರೀ ಕಟ್ಟುಕತೆ ಅಲ್ಲ ಕಣ್ರೇ; ಇಂದಿರಾ ಅವರ ಮನೆತನದಲ್ಲೇ ಬಾಳಿದ ಹೆಂಗಸಿನ ಕತೆ. ಎಳೇ ವಯಸ್ಸಲ್ಲಿ ಮದುವೆ. ಹಾವು ಕಚ್ಚಿ ಗಂಡ ಹೋದ. ಮೈನೆರೆದ ಮೇಲೆ ತಲೆ ಬೋಳಿಸಿದ್ರು. ಅಂಥಾ ಫಣಿಯಮ್ಮನೇ, ದಾಕ್ಷಾಯಿಣಿ ತಲೆ ಬೋಳಿಸ್ಕೊಳ್ಳಲ್ಲ ಅಂತ ಹಟ ಹಿಡಿದಾಗ ಅವಳ ಪರ ಮಾತಾಡ್ತಾಳೆ.

ನಮ್ಮ ಅಜ್ಜಿಮನೇಲೂ ಕೆಂಪು ಸೀರೆ ಉಟ್ಟವರು ಒಬ್ರಿದ್ರು. ಬಾಣಂತಿಗೆ ನೀರು ಹಾಕೋಕೆ, ಹಪ್ಪಳದ ಹಿಟ್ಟು ಕುಟ್ಟೋಕೆ ಅವರೇ ಬೇಕು. ಎಲ್ರೂ ‘ಮಡಿ ಅಜ್ಜಿ’ ಅಂತಿದ್ವಿ. ಹೆಸರೇನು ಅಂತ ಮೊನ್ನೆ ಅಮ್ಮನ್ನ ಕೇಳ್ದೆ. ಅವಳಿಗೂ ಗೊತ್ತಿಲ್ಲ.

ನಿಮಗ್ಯಾರಿಗಾದ್ರೂ ನೆನಪಿದ್ರೆ ಹೇಳಿ, ಬರೆದಿಡ್ತೀನಿ.