ಏ (ಅರ್ಮೇನಿಯನ್ ಅಕ್ಷರ)

ಅರ್ಮೇನಿಯನ್ ವರ್ಣಮಾಲೆಯ ಏಳನೆಯ ಅಕ್ಷರ, ಸ್ವರ. ಅಂಕಿಯಾಗಿ ಬರೆದಾಗ ಬೆಲೆ 7. ಮೆಸ್ರೋಪ್ ಮಾಶ್ತೋತ್ಸ್ ಸುಮಾರು 405ರಲ್ಲಿ ರೂಪಿಸಿದ 36 ಅಕ್ಷರಗಳಲ್ಲಿ ಇದೂ ಸೇರಿದೆ. ಮೊದಲ ಏಳು ಅಕ್ಷರಗಳು ಗ್ರೀಕ್ ಕ್ರಮದಲ್ಲೇ ಬರುವುದರಿಂದ ಏ ಕೂತಿರುವುದು ಈಟಾದ ಜಾಗದಲ್ಲಿ. ಆದರೆ ಈಟಾದ ಬೆಲೆ 8. ಗ್ರೀಕರು 6ಕ್ಕಾಗಿ ಬಳಕೆ ತಪ್ಪಿದ ಹಳೆಯ ಅಕ್ಷರವೊಂದನ್ನು ಉಳಿಸಿಕೊಂಡಿದ್ದರು.

ಒಂಟಿಯಾಗಿ ನಿಂತರೆ ಈ ಅಕ್ಷರವೇ ಒಂದು ಪದ. ಅರ್ಮೇನಿಯನ್ ಭಾಷೆಯಲ್ಲಿ ಲಿಂಗಭೇದವಿಲ್ಲವಾದ್ದರಿಂದ ಇದ್ದಾನೆ, ಇದ್ದಾಳೆ, ಇದೆ ಮೂರಕ್ಕೂ ಇದೊಂದೇ ಸಾಕು. ಬೈಬಲಿನ ವಿಮೋಚನಕಾಂಡದಲ್ಲಿ ದೇವರು ಮೋಶೆಗೆ ತಾನು 'ಇರುವಾತ' ಎಂದು ಹೇಳಿಕೊಳ್ಳುತ್ತಾನಲ್ಲ, ಆ ಇರವನ್ನು ಅರ್ಮೇನಿಯನ್ನರು ಈ ಅಕ್ಷರದಲ್ಲಿ ಕಂಡರು. ಅವರ ಚರ್ಚುಗಳಲ್ಲಿ ಬಲಿಪೀಠದ ಮೇಲ್ಗಡೆ ಇದೊಂದನ್ನೇ ಬರೆದಿರುವುದುಂಟು. ನಮ್ಮಲ್ಲಿ ಓಂಕಾರಕ್ಕಿರುವ ಸ್ಥಾನ ನೆನಪಾದರೆ ಅಚ್ಚರಿಯಿಲ್ಲ. ಆದರೆ ಓಂಕಾರ ನಾದವಾಗಿ ಪವಿತ್ರ, ಇದು ದಿನಬಳಕೆಯ ಕ್ರಿಯಾಪದವಾಗಿಯೇ ಪವಿತ್ರ.

ಐದನೆಯ ಅಕ್ಷರ ಯೆಚ್ ಇದರ ಜೋಡಿ. ಹಿಂದೆ ಎರಡರ ಉಚ್ಚಾರ ಬೇರೆಯಿತ್ತು; ಈಗ ಪದದ ನಡುವೆ ವ್ಯತ್ಯಾಸವಿಲ್ಲ. ಪದದ ಆದಿಯಲ್ಲಿ ಮಾತ್ರ ಯೆಚ್ ಸಾಮಾನ್ಯವಾಗಿ 'ಯೆ' ಆಗುತ್ತದೆ, ಏ ಹಾಗೇ ಉಳಿಯುತ್ತದೆ. 'ಎಲ್ಲಿ' ಎಂದು ಬರೆದು 'ಯೆಲ್ಲಿ' ಎನ್ನುವ ಕನ್ನಡಿಗರಿಗೆ ಇದು ಹೊಸತಲ್ಲ. ರಾಜಧಾನಿ ಯೆರೆವಾನಿನ ಮೊದಲಕ್ಷರ ಯೆಚ್. ಅರ್ಮೇನಿಯನ್ ಚರ್ಚಿನ ಪೀಠವಿರುವ ಎಚ್ಮಿಯಾದ್ಜಿನ್ನಿನದು ಏ. ಆ ಊರಿನ ಹೆಸರಿಗೆ 'ಏಕಜಾತನು ಇಳಿದು ಬಂದನು' ಎಂದು ಅರ್ಥ.

ಸೋವಿಯತ್ ಅರ್ಮೇನಿಯ 1922ರಲ್ಲಿ ಕಾಗುಣಿತ ತಿದ್ದಿದಾಗ ಒಂದು ಧ್ವನಿಗೆ ಒಂದೇ ಅಕ್ಷರ ಸಾಕೆಂದು ಏಯನ್ನು ಕೈಬಿಟ್ಟಿತು. 'ಇದೆ' ಎಂಬುದನ್ನೂ ಯೆಚ್‌ನಿಂದ ಬರೆಯಬೇಕಾಯಿತು. ಯೆರೆವಾನಿನ ಮುಂದೆ ಯಕಾರವೊಂದನ್ನು ಹೆಚ್ಚಿಗೆ ಸೇರಿಸಬೇಕಾಯಿತು. 1940ರಲ್ಲಿ ಅಕ್ಷರ ಮರಳಿತು, ಪೂರ್ತಿಯಾಗಿ ಅಲ್ಲ: ಅಲ್ಲಿಂದೀಚೆಗೆ ಅದಕ್ಕೆ ಪದದ ಆದಿ, ಸಮಾಸದ ಒಳಪದದ ಆದಿ ಮತ್ತು ಆ ಒಂಟಿ ಕ್ರಿಯಾಪದವಷ್ಟೇ ನೆಲೆ. ವಲಸೆ ಹೋದ ಪಶ್ಚಿಮ ಅರ್ಮೇನಿಯನ್ನರು ಹಳೆಯ ಕಾಗುಣಿತವನ್ನು ಬಿಡಲಿಲ್ಲ. ಪ್ರೀತಿ ಎಂಬರ್ಥದ 'ಸೇರ್' ಪದವನ್ನು ಬೇರೂತಿನಲ್ಲಿ ಅಚ್ಚಾದ ಪುಸ್ತಕದಲ್ಲಿ ನೋಡಿದರೆ ನಡುವೆ ಏ ಇರುತ್ತದೆ, ಯೆರೆವಾನಿನ ಪುಸ್ತಕದಲ್ಲಿ ಯೆಚ್.