ಬೆಟ್ಟದ ಮೇಲಣ ಉದ್ಯಾನ

ಉದ್ಯಾನವೆಂದೊಡನೆ ಸಮತಟ್ಟಾದ ನೆಲವೂ ನೇರವಾದ ಹಾದಿಗಳೂ ನಮ್ಮ ಮನಸ್ಸಿಗೆ ಬರುವುವು. ನೆಲವನ್ನು ಬಿಟ್ಟು ಮೇಲೆದ್ದ ಉದ್ಯಾನಗಳೂ ಲೋಕದಲ್ಲುಂಟು. ಪ್ಯಾರಿಸ್ ನಗರದಲ್ಲಿ 1969ರಲ್ಲಿ ನಿಂತುಹೋದ ರೈಲುಮಾರ್ಗವೊಂದರ ಕಮಾನುಗಳ ಮೇಲೆ ಗಿಡ ನೆಟ್ಟು ಜನರಿಗೆ ನಡೆದಾಡಲು ಬಿಟ್ಟಿದ್ದಾರೆ. ನ್ಯೂಯಾರ್ಕಿನಲ್ಲಿಯೂ ಹಾಗೆಯೇ, 1980ರಲ್ಲಿ ಬಂಡಿಗಳು ನಿಂತ ಮೇಲುದಾರಿಯು 2009ರಲ್ಲಿ ಉದ್ಯಾನವಾಗಿ ತೆರೆಯಿತು. ಅರವಂಕಾಡಿನವರಾದ ನಮಗೆ ಅಂತಹ ಸೌಭಾಗ್ಯವಿಲ್ಲ. 1908ರಲ್ಲಿ ಉದಕಮಂಡಲವನ್ನು ಮುಟ್ಟಿದ ನಮ್ಮ ಹಳಿಯ ಮೇಲೆ ಇಂದಿಗೂ ಬಂಡಿ ಓಡುತ್ತಿರುವುದರಿಂದ ಅಲ್ಲಿ ಹೂ ಬೆಳೆಯಲು ಎಡೆಯಿಲ್ಲ! ಆದರೆ ಬೆಟ್ಟವನ್ನೇ ಮೆಟ್ಟಿಲಾಗಿ ಕಡಿದು ಮಾಡಿದ ಉದ್ಯಾನವು ಆ ಹಳಿಯ ಮೇಲಣ ತುದಿಯಲ್ಲಿಯೇ ಇದೆ. ಶಾಲೆಯ ಕಾರ್ಯನಿಮಿತ್ತ ಉದಕಮಂಡಲಕ್ಕೆ ಹೋದಾಗಲೆಲ್ಲ ನಾವು ಅದನ್ನೊಮ್ಮೆ ಹತ್ತಿ ಇಳಿಯದೆ ಬಂದುದಿಲ್ಲ.

ಅದರ ಹುಟ್ಟು ಸೌಂದರ್ಯಕ್ಕಾಗಿ ಆದುದಲ್ಲ, ಹೊಟ್ಟೆಗಾಗಿ ಆದುದು. 1840ರ ದಶಕದಲ್ಲಿ ಇಲ್ಲಿ ನೆಲೆಸಿದ್ದ ಯುರೋಪಿಯನ್ನರಿಗೆ ತಮ್ಮ ನಾಡಿನ ತರಕಾರಿಗಳು ಅಗ್ಗವಾಗಿ ದೊರೆಯುತ್ತಿರಲಿಲ್ಲ. ಆಗ ಅವರು ತಿಂಗಳಿಗೆ ತಲಾ ಮೂರು ರೂಪಾಯಿ ಚಂದಾ ಕೂಡಿಸಿ ಒಂದು ತರಕಾರಿ ತೋಟವನ್ನು ಹಾಕಿದರು. ತೋಟ ನಡೆಯಲಿಲ್ಲ. ಚಂದಾ ಎತ್ತಿ ಸಂಘ ನಡೆಸಿದ ಅನುಭವವುಳ್ಳ ನಮ್ಮ ವಾಚಕರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಬಳಿಕ ಸಾರ್ವಜನಿಕ ಉದ್ಯಾನವೊಂದನ್ನು ಮಾಡುವ ಏರ್ಪಾಡಾಗಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಕಲಿತ ವಿಲಿಯಂ ಗ್ರಹಾಂ ಮೆಕೈವರ್ ಎಂಬಾತನು 1848ರಲ್ಲಿ ಇಲ್ಲಿಗೆ ಬಂದನು. ದೊಡ್ಡಬೆಟ್ಟದ ಇಳಿಜಾರಿನ ಆ ನೆಲ ಮೇಲುಗಡೆ ದಟ್ಟವಾದ ಕಾಡು, ಕೆಳಗಡೆ ಕೆಸರು. ಕೆಸರಿನ ನೀರನ್ನು ಬಸಿದು, ಇಳಿಜಾರನ್ನು ಹಂತಹಂತವಾಗಿ ಕಡಿದು ಉದ್ಯಾನವಾಗಿಸಲು ಸುಮಾರು ಹತ್ತು ವರ್ಷ ಹಿಡಿಯಿತು. ಇಂದು ಅದರ ವಿಸ್ತಾರ ಸುಮಾರು 22 ಹೆಕ್ಟೇರು. ಮೆಕೈವರನ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಮಣ್ಣು ಹೊತ್ತವರ ಹೆಸರು ಎಲ್ಲಿಯೂ ಕಾಣದು.

ಆತನ ಮತ್ತೊಂದು ಕೆಲಸ ಇನ್ನೂ ದೊಡ್ಡದು. ಚಳಿಜ್ವರಕ್ಕೆ ಮದ್ದಾದ ಕ್ವಿನೈನನ್ನು ಕೊಡುವ ಸಿಂಕೋನ ಗಿಡಗಳನ್ನು 1860ರಲ್ಲಿ ದಕ್ಷಿಣ ಅಮೆರಿಕದಿಂದ ತರಿಸಿದಾಗ, ಅವನ್ನು ದೊಡ್ಡಬೆಟ್ಟದಲ್ಲಿಯೂ ನಡುವಟ್ಟದಲ್ಲಿಯೂ ಬೆಳೆಸಿದವನು ಅವನೇ. ಮದ್ದಿರುವುದು ತೊಗಟೆಯಲ್ಲಿ, ತೊಗಟೆಗಾಗಿ ಮರವನ್ನೇ ಕಡಿದರೆ ಗತಿಯೇನು? ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಮಾತ್ರ ಸುಲಿದು, ಬರಿದಾದ ಭಾಗಕ್ಕೆ ಹಾವಸೆಯನ್ನು ಹೊದಿಸಿದರೆ ಹೊಸ ತೊಗಟೆ ಬರುವುದೆಂದು ಅವನು ತೋರಿಸಿಕೊಟ್ಟನು. ಪ್ರಕೃತಿಪಾಠ ಹೇಳುವ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕುನ್ನೂರಿನ ಸಿಮ್ಸ್ ಪಾರ್ಕು 1874ರದು, ಸುಮಾರು 12 ಹೆಕ್ಟೇರಿನದು. ಅಲ್ಲಿ ಕಣಿವೆಯ ಹಳೆಯ ಮರಗಳನ್ನು ಉಳಿಸಿಕೊಂಡೇ ಹೊಸವನ್ನು ನೆಟ್ಟರು. ನಮಗೆ ಆ ಕ್ರಮವೇ ಹೆಚ್ಚು ಮೆಚ್ಚುಗೆ.

ಇನ್ನು ಹೆಸರುಗಳ ಮಾತು. ದೊಡ್ಡಬೆಟ್ಟವೆಂಬ ಹೆಸರಿಗೆ ನಮ್ಮ ಮಕ್ಕಳು ನಿಘಂಟನ್ನು ತೆರೆಯಬೇಕಾಗಿಲ್ಲ. ಕೊಯಮತ್ತೂರಿನ ಕಲೆಕ್ಟರನಾದ ಜಾನ್ ಸಲಿವನ್ 1819ರಲ್ಲಿ ಬೆಟ್ಟವೇರಿ ಮೊದಲು ಬೀಡುಬಿಟ್ಟ ದಿಂಬಟ್ಟಿಯಲ್ಲಿಯೂ ಹಟ್ಟಿಯೇ ಇದೆ. ಈ ಹಟ್ಟಿಗಳ ಬಡಗರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಬಡಗರೆಂದರೆ ಬಡಗಣವರು, ಉತ್ತರದಿಂದ ಬಂದವರು. ಸಾಹೇಬರು ಮೂರು ರೂಪಾಯಿ ಚಂದಾ ಕೊಟ್ಟರೂ ಸಿಗದ ಆಲೂಗಡ್ಡೆ, ಕೋಸುಗಳನ್ನು ಬಳಿಕ ಬೆಟ್ಟದ ತುಂಬ ಬೆಳೆದು ಬಯಲುಸೀಮೆಗೆ ಕಳುಹಿಸಿದವರು ಇವರೇ. ಅವರಿಗಾಗಿ ಉದ್ಯಾನದಲ್ಲಿ ಒಂದು ಫಲಕವಿದ್ದರೆ ತಪ್ಪಾಗುತ್ತಿರಲಿಲ್ಲ.

ಬಡಗರಿಗೂ ಮುಂಚಿನವರು ತೋದರು. ಇಂದಿನ ಉದಕಮಂಡಲ ನಿಂತಿರುವುದು ಅವರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲಿನ ಮೇಲೆ. ಸಲಿವನ್ ಅವರಿಂದ ಎಕರೆಗೆ ಒಂದು ರೂಪಾಯಿಯಂತೆ ನೆಲ ಕೊಂಡನೆಂದು ಹೇಳುವರು. ಉದ್ಯಾನಕ್ಕೆ ಬರುವವರಲ್ಲಿ ಬಹುಮಂದಿ ಕೆಳಗಿನ ಹುಲ್ಲುಹಾಸಿನಲ್ಲಿ ಚಿತ್ರ ತೆಗೆಸಿಕೊಂಡು ಹಿಂದಿರುಗುವರು. ಉಸಿರು ಬಿಗಿಹಿಡಿದು ಕೊನೆಯವರೆಗೂ ಹತ್ತಿದರೆ, ಹಂತಗಳೆಲ್ಲ ಮುಗಿದ ಮೇಲೆ, ತೋದರ ಮಂದು ಒಂದು ಇದೆ.